ಗೇಣುದ್ದದ ಪೈನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಚಟ್ಟಿಯಲ್ಲಿ ಪೈನ್ ಮರವನ್ನು ಕುಳ್ಳಾಗಿ ಪಳಗಿಸುವ ಬೋನ್ಸಾಯ್ ವಿದ್ಯೆಯ ಬಗ್ಗೆ ಕಾಸರಗೋಡು ಕಡೆಯಿಂದಲೇ ಹೆಚ್ಚು ಪತ್ರಗಳು ಬಂದಿವೆ. ಹೊಸೂರು, ಮಡಕಶಿರಾ, ಅಕ್ಕಲಕೋಟೆಗಳ ಓದುಗರೂ ಬರೆದಿದ್ದಾರೆ. ಒಂದೇ ತೆರನಾದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನರ್ಸರಿಯೊಂದರಿಂದ ‘ಬೋನ್ಸಾಯ್ ಪೈನ್’ ಎಂದು ಒಂದು ಗಿಡ ತಂದೆ. ನೋಡಿದ ನೆಂಟರೊಬ್ಬರು ‘ಇದು ಪೈನೇ ಅಲ್ಲ ಮಾರಾಯ್ರೆ’ ಅಂದರು. ಗುರುತಿಸುವುದು ಹೇಗೆ? (ಮಂಜೇಶ್ವರ)

ಒಂದು ಸೂಜಿ ಎಲೆಯನ್ನು ಬುಡಸಮೇತ ಕಿತ್ತು ನೋಡಿ. ಪೈನ್ ಆಗಿದ್ದರೆ ಸೂಜಿ ಒಂಟಿಯಾಗಿ ಬರುವುದಿಲ್ಲ; ಎರಡೋ ಮೂರೋ ಐದೋ ಒಂದೇ ಬುಡದಿಂದ ಹೊರಟಿರುತ್ತವೆ. ಜಪಾನಿನ ಕಪ್ಪು ಪೈನ್ ಮತ್ತು ಕೆಂಪು ಪೈನ್‌ಗೆ ಎರಡು, ಬಿಳಿ ಪೈನ್‌ಗೆ ಐದು. ಹಿಮಾಲಯದ ಚೀರ್, ಮೇಘಾಲಯದ ಖಾಸಿ ಪೈನ್, ನೀಲಗಿರಿಯಲ್ಲಿ ಹೊರಗಿನಿಂದ ತಂದು ಬೆಳೆಸಿದ ಪಟುಲಾ ಪೈನ್‌ಗಳಿಗೆ ಮೂರು ಮೂರು.

ನಿಮ್ಮ ಗಿಡದ ಕೊಂಬೆಗಳು ಛತ್ರಿಯ ಕಡ್ಡಿಗಳಂತೆ ಸುತ್ತಲೂ ಒಂದೇ ಮಟ್ಟದಲ್ಲಿ ಹೊರಟಿದ್ದರೆ ಅದು ಅರಾಕೇರಿಯಾ. ಪೇಟೆಯಲ್ಲಿ ‘ಕ್ರಿಸ್‌ಮಸ್ ಮರ’ ಎಂದು ಮಾರುವಂಥದ್ದು. ನೋಡಲು ಚಂದವೇ, ಆದರೆ ಕತ್ತರಿಸಿದ ಕೊಂಬೆಯ ಹಿಂದೆ ಸುಲಭವಾಗಿ ಚಿಗುರದ ಕಾರಣ ಬೋನ್ಸಾಯ್‌ಗೆ ಹೊಂದುವುದಿಲ್ಲ. ಎಲೆ ಚಪ್ಪಟೆಯಾಗಿ ಉದ್ದಕ್ಕಿದ್ದರೆ ಪೋಡೋಕಾರ್ಪಸ್. ಸೂಜಿಯನ್ನು ಎರಡೂ ತುದಿ ಹಿಡಿದು ಎಳೆದಾಗ ‘ಟಕ್’ ಎಂದು ಗಿಣ್ಣಿನಲ್ಲಿ ಬಿಡಿಸಿಕೊಂಡರೆ ನಮ್ಮ ಕಡಲ ಕರೆಯ ಗಾಳಿಮರ. ಅದನ್ನು ಎಸೆಯಬೇಡಿ, ಕೊನೆಯ ಉತ್ತರ ಓದಿ.

ಕಪ್ಪು ಪೈನ್ ನಮ್ಮ ಜಾಲಿನಲ್ಲಿ (ಅಂಗಳದಲ್ಲಿ) ಬದುಕೀತೇ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಎಲ್ಲವೂ ಚೆಂಡಿ (ಒದ್ದೆ). (ಬದಿಯಡ್ಕ, ಪೆರ್ಲ)

ಬದುಕೀತು, ಆದರೆ ನೀರು ನಿಲ್ಲಬಾರದು. ಕಪ್ಪು ಪೈನ್ ಜಪಾನ್ ಮತ್ತು ಕೊರಿಯಾಗಳ ಕಡಲಂಚಿನ ಮರ. ಉಪ್ಪುಗಾಳಿಯಾಗಲಿ ಸೆಕೆಯಾಗಲಿ ಅದಕ್ಕೆ ಹೊಸದಲ್ಲ. ಬೇರು ಹಗಲೂ ರಾತ್ರಿ ನೀರಲ್ಲಿ ನಿಲ್ಲುವುದು, ವಾರಗಟ್ಟಲೆ ಬಿಸಿಲು ಕಾಣದಿರುವುದು, ಇವೆರಡನ್ನು ಮಾತ್ರ ಅದು ತಡೆಯದು. ಬಿಳಿ ಪೈನ್ ಹಾಗಲ್ಲ. ಅದು ಎತ್ತರದ ತಂಪು ಬೆಟ್ಟಗಳದ್ದು. ಚಳಿಗಾಲದ ವಿಶ್ರಾಂತಿ ಇಲ್ಲದೆ ವರ್ಷ ವರ್ಷ ಸೊರಗುತ್ತದೆ. ಎಷ್ಟೇ ಅಗ್ಗಕ್ಕೆ ಸಿಕ್ಕಿದರೂ ಕಾಸರಗೋಡಿಗೆ ತರಬೇಡಿ.

ಮೊದಲ ಕೆಲಸ ಮಣ್ಣಿನದು. ಮಣ್ಣು ಎನ್ನುವುದಕ್ಕಿಂತ ಚೂರು ಎನ್ನಬೇಕು. ಇಟ್ಟಿಗೆ ಚೂರು 3 ಪಾಲು, ದಪ್ಪ ಹೊಯ್ಗೆ (ಮರಳು) 2 ಪಾಲು, ಚೆನ್ನಾಗಿ ಕಳಿತ ಸೊಪ್ಪುಗೊಬ್ಬರ 1 ಪಾಲು. ಹೊಯ್ಗೆ ಹೊಳೆಯದ್ದಾಗಲಿ, ಕಡಲದ್ದು ಉಪ್ಪು. ಎಲ್ಲವನ್ನೂ ಜರಡಿ ಹಿಡಿದು 2ರಿಂದ 5 ಮಿ.ಮೀ. ಗಾತ್ರದ್ದನ್ನು ಮಾತ್ರ ಇಟ್ಟುಕೊಂಡು, ಕೆಳಗೆ ಬಿದ್ದ ಪುಡಿಯನ್ನು ಪೂರ್ತಿ ಬಿಸಾಡಿ. ಸೋಲುವವರಲ್ಲಿ ಹೆಚ್ಚಿನವರು ಈ ಪುಡಿಯ ಮೇಲಿನ ಮಮಕಾರದಿಂದಲೇ ಸೋಲುತ್ತಾರೆ. ಪುಡಿ ಮಳೆಗೆ ಇಳಿದು ಚಟ್ಟಿಯ ತಳದಲ್ಲಿ ಗಾರೆಯಂತೆ ಕೂರುತ್ತದೆ. ಮುರಕಲ್ಲಿನ ಚೂರು ಬಳಸಬಹುದೇ ಎಂದು ಪೆರ್ಲದವರು ಕೇಳಿದ್ದಾರೆ. ಗಟ್ಟಿಯಾದ ಚೂರಾದರೆ ಸರಿ, ಉಗುರಲ್ಲಿ ಒತ್ತಿದಾಗ ಪುಡಿಯಾಗುವಂಥದ್ದು ಬೇಡ. ಸುಲಭಕ್ಕೆ ಸಿಗುತ್ತದೆಂದು ತೆಂಗಿನ ನಾರಿನ ಪುಡಿ ಸೇರಿಸಬೇಡಿ. ಅದು ನೀರನ್ನು ಹಿಡಿದು ಕೂರುವುದರಿಂದ ಅಡಿಕೆ ಸಸಿಗೆ ಒಳ್ಳೆಯದು, ಪೈನ್‌ಗೆ ವಿಷ.

ಚಟ್ಟಿಯನ್ನು ನೆಲದಲ್ಲಿಡದೆ ಸೊಂಟದೆತ್ತರದ ಹಲಗೆಯ ಮೇಲಿಡಿ. ಜಡಿಮಳೆ ಹಿಡಿದಾಗ ಚಟ್ಟಿಯ ಒಂದು ಅಂಚಿನಡಿಗೆ ಎರಡು ಬೆರಳು ದಪ್ಪದ ಮರದ ತುಂಡು ಸಿಕ್ಕಿಸಿ ಓರೆ ಮಾಡಿ. ಚಪ್ಪಟೆ ಚಟ್ಟಿಯ ತಳದಲ್ಲಿ ಸದಾ ಒಂದು ಪದರ ನೀರು ನಿಂತಿರುತ್ತದೆ. ಓರೆ ಮಾಡಿದಾಗ ಅದು ಮೂಲೆಗೆ ಬಂದು ತೂತಿನಿಂದ ಇಳಿದುಹೋಗುತ್ತದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಮಳೆಗಾಲದಲ್ಲಿ ಹೇಗೂ ಖಾಲಿ ಇರುತ್ತದಲ್ಲ, ಪೈನ್‌ಗೆ ಅದಕ್ಕಿಂತ ಒಳ್ಳೆಯ ಮನೆ ಇಲ್ಲ. ಆದರೆ ಬದಿಯ ಶೀಟುಗಳನ್ನು ಮೇಲಕ್ಕೆ ಸುತ್ತಿಡಬೇಕು. ಮುಚ್ಚಿಟ್ಟರೆ ಎರಡು ಗಂಟೆಯ ಬಿಸಿಲಿಗೆ ಮರ ಬೆಂದುಹೋಗುತ್ತದೆ.

ಇನ್ನು ಸೂಜಿಯ ಮೇಲೆ ಹಳದಿ ಚುಕ್ಕೆ ಬಿದ್ದು, ಪಟ್ಟಿಯಾಗಿ ಕಂದಾಗಿ ಉದುರುವ ಶಿಲೀಂಧ್ರ ರೋಗ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವೇ ಇಲ್ಲೂ ಆಗುತ್ತದೆ, ಆದರೆ ಅರ್ಧ ಪ್ರಮಾಣದಲ್ಲಿ. 1 ಲೀಟರ್ ನೀರಿಗೆ ಮೈಲುತುತ್ತು 5 ಗ್ರಾಂ, ಸುಣ್ಣ 5 ಗ್ರಾಂ. ನೀರನ್ನು ಪಾಲು ಮಾಡಿ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ತೊಳೆದ ಕಬ್ಬಿಣದ ಚೂರಿಯನ್ನು ಅದ್ದಿ ತೆಗೆದಾಗ ಕೆಂಪು ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ತೋಟಕ್ಕೆ ಕಲಸಿದ ಶೇಕಡಾ 1ರ ದ್ರಾವಣವನ್ನೇ ಎಳೆ ಚಿಗುರಿಗೆ ಹೊಡೆದರೆ ತುದಿ ಕರಟುತ್ತದೆ. ನಿನ್ನೆ ಉಳಿದದ್ದಂತೂ ಬೇಡವೇ ಬೇಡ. ಮೊದಲ ಸಿಂಪರಣೆ ಮಳೆ ಹಿಡಿಯುವ ಮುನ್ನ, ಎರಡನೆಯದು ಆಟಿಯಲ್ಲಿ (ಜುಲೈ–ಆಗಸ್ಟ್) ಸಿಗುವ ಬಿಸಿಲ ಬಿಡುವಿನಲ್ಲಿ.

ಚಿತ್ರದಲ್ಲಿ ಸೂಜಿ ಒಂದಿಂಚಿದೆ, ನಮ್ಮದರಲ್ಲಿ ನಾಲ್ಕಿಂಚು. ನೀರು, ಗೊಬ್ಬರ ಕಡಿಮೆ ಮಾಡಿದರೆ ಗಿಡ್ಡವಾದೀತೇ? (ಮುಳ್ಳೇರಿಯ)

ಮರವನ್ನು ಉಪವಾಸ ಕೆಡಹಿ ಕುಳ್ಳಾಗಿಸುವ ವಿದ್ಯೆಯೇ ಬೋನ್ಸಾಯ್ ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ತಪ್ಪು. ಹಸಿದ ಪೈನ್‌ನ ಸೂಜಿ ಗಿಡ್ಡವಾಗುವ ಬದಲು ಹಳದಿಯಾಗುತ್ತದೆ. ಒಳಗಿನ ಕೊಂಬೆಗಳು ಒಂದೊಂದಾಗಿ ಸಾಯುತ್ತವೆ. ಸೂಜಿಯನ್ನು ಗಿಡ್ಡ ಮಾಡುವುದು ಕತ್ತರಿ. ಆ ಕತ್ತರಿಯ ಪೆಟ್ಟು ತಾಳಲು ಮರ ಹೊಟ್ಟೆ ತುಂಬಿರಬೇಕು.

ಪೈನ್‌ನ ಹೊಸ ಚಿಗುರು ಎಲೆ ಬಿಡಿಸುವ ಮುಂಚೆ ಮೇಣದ ಬತ್ತಿಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ಯಾಂಡಲ್ ಎಂದೇ ಹೆಸರು; ನಾವು ಬತ್ತಿ ಎನ್ನೋಣ. ಕಪ್ಪು ಪೈನ್‌ನ ಒಂದು ವಿಶೇಷವೆಂದರೆ, ಬಲಿತ ಬತ್ತಿಯನ್ನು ಬುಡದಲ್ಲಿ ಕತ್ತರಿಸಿದರೆ ಅದೇ ವರ್ಷ ಎರಡನೆಯ ಸಲ ಚಿಗುರುತ್ತದೆ. ಈ ಎರಡನೆಯ ಚಿಗುರಿಗೆ ಸಮಯವೂ ಕಡಿಮೆ, ಒಂದರ ಬದಲು ಎರಡು ಮೂರು ಮೊಗ್ಗುಗಳಿಗೆ ಹಂಚಿಹೋಗುವ ಶಕ್ತಿಯೂ ಕಡಿಮೆ. ಹಾಗಾಗಿ 10 ಸೆಂ.ಮೀ. ಬೆಳೆಯುವ ಸೂಜಿ 2–3 ಸೆಂ.ಮೀ.ಗೆ ನಿಲ್ಲುತ್ತದೆ, ಗಿಣ್ಣುಗಳೂ ಹತ್ತಿರವಾಗುತ್ತವೆ. ಬಿಳಿ ಪೈನ್‌ಗೆ ಇದನ್ನು ಮಾಡಬಾರದು, ಅದು ವರ್ಷಕ್ಕೆ ಒಂದೇ ಸಲ ಚಿಗುರುವ ಮರ.

ಕತ್ತರಿಸುವ ಕ್ರಮದಲ್ಲೇ ಕೈಚಳಕ ಇರುವುದು. ಪೈನ್‌ನ ಬಲವೆಲ್ಲ ನೆತ್ತಿಗೂ ಕೊಂಬೆಗಳ ತುದಿಗೂ ಓಡುತ್ತದೆ. ಕೆಳಗಿನ ಒಳಕೊಂಬೆ ಯಾವತ್ತೂ ಬಡವ. ಎಲ್ಲವನ್ನೂ ಒಂದೇ ದಿನ ಕತ್ತರಿಸಿದರೆ ನೆತ್ತಿಯೇ ಮತ್ತೆ ಗೆಲ್ಲುತ್ತದೆ. ಆದ್ದರಿಂದ ಮೊದಲು ಬಡ ಬತ್ತಿಗಳು, 7–10 ದಿನ ಬಿಟ್ಟು ಮಧ್ಯಮದವು, ಇನ್ನೂ 7–10 ದಿನ ಬಿಟ್ಟು ನೆತ್ತಿಯವು. ಮೊದಲು ಕತ್ತರಿಸಿದ್ದು ಮೊದಲು ಚಿಗುರಿ ಮುಂದೆ ಹೋಗಿರುತ್ತದೆ, ಕೊನೆಗೆ ಕತ್ತರಿಸಿದ್ದು ಹಿಂದೆ ಬೀಳುತ್ತದೆ, ಮೂರೂ ಸಮಕ್ಕೆ ಬರುತ್ತವೆ. ತೀರಾ ಬಡಕಲು ಬತ್ತಿಗೆ ಆ ವರ್ಷ ಕತ್ತರಿ ಮುಟ್ಟಿಸುವುದೇ ಬೇಡ. ಕತ್ತರಿಯನ್ನು ಅಡ್ಡಕ್ಕೆ ಹಿಡಿಯಿರಿ. ಓರೆಯಾಗಿ ಕತ್ತರಿಸಿದರೆ ಮೊಗ್ಗುಗಳು ಒಂದೇ ಬದಿಗೆ ಏಳುತ್ತವೆ. 3–4 ವಾರದಲ್ಲಿ ಗಾಯದ ಸುತ್ತ ಅಕ್ಕಿಕಾಳಿನ ತುದಿಯಷ್ಟು ಮೊಗ್ಗುಗಳು ಕಾಣುತ್ತವೆ. ಎಡಕ್ಕೊಂದು ಬಲಕ್ಕೊಂದು ಉಳಿಸಿ ಮಿಕ್ಕವನ್ನು ಚಿಮಟದಿಂದ ತೆಗೆಯಿರಿ. ಐದಾರನ್ನೂ ಬಿಟ್ಟರೆ ಆ ಜಾಗ ಗಂಟುಗಟ್ಟಿ ಊದಿಕೊಳ್ಳುತ್ತದೆ, ಆಮೇಲೆ ಸರಿಪಡಿಸುವುದು ಕಷ್ಟ.

ಯಾವಾಗ? ಜಪಾನಿನಲ್ಲಿ ಜೂನ್, ಜುಲೈ. ಬೆಳವಣಿಗೆ ನಿಲ್ಲಲು ಸುಮಾರು 100 ದಿನ ಇರುವಾಗ. ಆ ತಾರೀಕನ್ನು ನೋಡಿ ಮುಳ್ಳೇರಿಯದಲ್ಲಿ ಕತ್ತರಿಸಿದರೆ ಹಸಿ ಗಾಯಕ್ಕೆ ಎರಡು ತಿಂಗಳ ಮಳೆ. ನಮ್ಮಲ್ಲಿ ಚಿಗುರೂ ಬೇಗ, ಚಳಿಯೂ ಇಲ್ಲ. ಸೋಣ ತಿಂಗಳ ಕೊನೆಗೆ ಮಳೆ ಇಳಿಯುತ್ತಿದ್ದಂತೆ, ಅಂದರೆ ಸೆಪ್ಟೆಂಬರಿನಲ್ಲಿ ಶುರು ಮಾಡುವುದೇ ಸರಿ ಎಂದು ನಮ್ಮ ಅಭಿಪ್ರಾಯ. ಹೊಸ ಸೂಜಿ ಬೆಳೆಯುವ ಹೊತ್ತಿಗೆ ಆಕಾಶ ತಿಳಿಯಾಗಿರುತ್ತದೆ. ಬಿಸಿಲು ಹೆಚ್ಚಿದಷ್ಟೂ ಸೂಜಿ ಗಿಡ್ಡ. ಅದಕ್ಕೆ ಮುಂಚೆ ಬೇವಿನ ಹಿಂಡಿ, ಎಲುಬಿನ ಪುಡಿ ಸಮಸಮ ಬೆರೆಸಿ, ಗೇಣಗಲದ ಚಟ್ಟಿಗೆ ನಾಲ್ಕು ಮೂಲೆಯಲ್ಲಿ ಒಂದೊಂದು ಚಹಾ ಚಮಚೆಯಂತೆ ತಿಂಗಳಿಗೊಮ್ಮೆ ಕೊಡುತ್ತಾ ಬನ್ನಿ. ಕತ್ತರಿಸುವ ದಿನ ಗೊಬ್ಬರ ಎತ್ತಿಬಿಡಿ, ಹೊಸ ಸೂಜಿ ಗಟ್ಟಿಯಾದ ಮೇಲೆ ಮತ್ತೆ ಹಾಕಿ. ಎರಡನೆಯ ಚಿಗುರು ಬರುವಾಗ ಗೊಬ್ಬರ ತಿಂದ ಮರ ಮತ್ತೆ ನಾಲ್ಕಿಂಚಿನ ಸೂಜಿಯನ್ನೇ ಬಿಡುತ್ತದೆ. ಚಟ್ಟಿ ಬದಲಿಸಿದ ವರ್ಷ ಬತ್ತಿ ಕತ್ತರಿಸಬೇಡಿ.

ಡಿಸೆಂಬರಿನ ಹೊತ್ತಿಗೆ ಹಳೆಯ ಸೂಜಿ ಕೀಳುವ ಕೆಲಸ. ನೆತ್ತಿಯ ಕೊಂಬೆಗಳಲ್ಲಿ 5 ಜೊತೆ, ನಡುವೆ 7, ಕೆಳಗೆ 10ರಷ್ಟು ಉಳಿಸಿ. ಸೂಜಿ ಬೆಳೆದ ದಿಕ್ಕಿಗೇ ಎಳೆಯಬೇಕು. ಹಿಂದಕ್ಕೆ ಎಳೆದರೆ ತೊಗಟೆ ಸುಲಿದು ಬರುತ್ತದೆ, ಅಲ್ಲಿ ಮಲಗಿರುವ ಮೊಗ್ಗೂ ಹೋಗುತ್ತದೆ.

ತಂತಿ ಸುತ್ತಿ ಬಗ್ಗಿಸುವಾಗ ಹೆಬ್ಬೆರಳು ಗಾತ್ರದ ಕೊಂಬೆ ಬಿರಿಯಿತು. ಇನ್ನೊಂದರಲ್ಲಿ ತಂತಿ ತೊಗಟೆಯೊಳಗೆ ಹೂತುಹೋಗಿದೆ. (ಹೊಸೂರು)

ಬಿರುಕು ಕೊಂಬೆಯ ಅರ್ಧ ದಾಟಿರದಿದ್ದರೆ ಕೊಂಬೆ ಉಳಿಯುತ್ತದೆ. ಬಗ್ಗಿಸಿದ್ದನ್ನು ಸ್ವಲ್ಪ ಸಡಿಲಿಸಿ ಬಿರಿದ ಬಾಯಿ ಕೂಡಿಸಿ, ಗಾಯಕ್ಕೆ ಹಚ್ಚುವ ಪೇಸ್ಟ್ ಮೆತ್ತಿ, ನೆನೆಸಿದ ಬಾಳೆನಾರಿನಿಂದ ಬಿಗಿಯಾಗಿ ಸುತ್ತಿ, ಆರು ತಿಂಗಳು ಮರೆತುಬಿಡಿ. ಜಪಾನಿಯರು ರಾಫಿಯಾ ಎಂಬ ತಾಳೆಯ ನಾರು ಸುತ್ತುವ ಕಡೆ ನಮಗೆ ಬಾಳೆನಾರು ಸಾಕು. ದಪ್ಪ ಕೊಂಬೆಗೆ ತಂತಿಗೂ ಮೊದಲು ಇದನ್ನು ಸುತ್ತಿದ್ದರೆ ಬಿರಿಯುತ್ತಲೇ ಇರಲಿಲ್ಲ.

ತಂತಿಯ ದಪ್ಪ ಕೊಂಬೆಯ ಮೂರನೇ ಒಂದು ಭಾಗ. ಉದ್ದ ಕೊಂಬೆಯ ಒಂದೂವರೆಯಷ್ಟು. ಅಲ್ಯೂಮಿನಿಯಂ ತಂತಿ 1ರಿಂದ 4 ಮಿ.ಮೀ.ವರೆಗಿನದು ಇದ್ದರೆ ಹೆಚ್ಚಿನ ಕೆಲಸ ನಡೆಯುತ್ತದೆ. ಒಂದೇ ತಂತಿಯ ಎರಡು ತುದಿಗಳನ್ನು ಹತ್ತಿರದ ಎರಡು ಕೊಂಬೆಗಳಿಗೆ ಸುತ್ತಿ, ನಡುಭಾಗ ಕಾಂಡವನ್ನು ಬಳಸುವಂತಿರಲಿ, ಒಂದಕ್ಕೊಂದು ಲಂಗರು. ಸುತ್ತು 45 ಡಿಗ್ರಿ ಓರೆ. ಬಾಗುವ ಕಡೆ ತಂತಿ ಹೊರಮೈಗೆ ಬರಬೇಕು, ಏಕೆಂದರೆ ಬಿರಿಯುವುದು ಹೊರಮೈಯೇ. ಬಗ್ಗಿಸುವ ದಿನ ಬೆಳಿಗ್ಗೆ ನೀರು ಹಾಕಬೇಡಿ. ನೀರು ತುಂಬಿದ ಕೊಂಬೆ ಸೌತೆಕಾಯಿಯ ಹಾಗೆ ಮುರಿಯುತ್ತದೆ. ಹೊಸೂರಿನ ತಂಪಿಗೆ ಡಿಸೆಂಬರ್, ಜನವರಿ ಸರಿಯಾದ ಕಾಲ.

ಹೂತ ತಂತಿಯನ್ನು ಬಿಚ್ಚಲು ಹೋಗಬೇಡಿ. ಕಟಿಂಗ್ ಪ್ಲೇಯರಿನಿಂದ ಸುತ್ತಿಗೊಂದರಂತೆ ತುಂಡು ಮಾಡಿ ಉದುರಿಸಿ. ತಂತಿ ಉಳಿಸುವ ಆಸೆಗೆ ಕೊಂಬೆ ಕಳೆದುಕೊಂಡವರು ಬಹಳ. ಗುರುತು ಮಾಸಲು ಪೈನ್‌ನಲ್ಲಿ ವರ್ಷಗಳೇ ಬೇಕು. ಚಿಗುರು ಜೋರಿರುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ ತಂತಿಯ ಅಂಚನ್ನು ಬೆರಳಲ್ಲಿ ಸವರಿ ನೋಡಿ.

ಬೇಸಿಗೆಯಲ್ಲಿ ದಿನಾ ನೀರು ಹಾಕಿದರೂ ಸೂಜಿ ಕಂದಾಗುತ್ತದೆ. (ಅಕ್ಕಲಕೋಟೆ)

ಕಂದಾದದ್ದು ಎಲ್ಲಿ? ಕೊಂಬೆಯ ಒಳಭಾಗದ ಎರಡು ಮೂರು ವರ್ಷದ ಹಳೆ ಸೂಜಿಯಾದರೆ ಅದು ಉದುರುವ ವಯಸ್ಸು, ಬಿಡಿ. ಹೊಸ ಸೂಜಿ ತುದಿಯಿಂದ ಕಂದಾಗುತ್ತಿದ್ದರೆ ಬೇರು ಬೇಯುತ್ತಿದೆ, ಇಲ್ಲವೇ ಬೋರ್‌ವೆಲ್ಲಿನ ಗಡಸು ನೀರಿನ ಉಪ್ಪು ಕೂಡಿಕೊಂಡಿದೆ. ಚಟ್ಟಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದೆಯೇ ನೋಡಿ. ಕಟ್ಟಿದ್ದರೆ ಹಿಡಿದಿಟ್ಟ ಮಳೆನೀರನ್ನು ತಿಂಗಳಿಗೊಮ್ಮೆ ಚಟ್ಟಿಯ ಗಾತ್ರದ ಮೂರು ಪಟ್ಟು ಸುರಿದು ತೊಳೆಯಿರಿ.

ಸೊಲ್ಲಾಪುರ ಸೀಮೆಯ 42 ಡಿಗ್ರಿಗೆ ಅಂಗೈ ಆಳದ ಚಟ್ಟಿ ಬಾಣಲೆಯಂತೆ ಕಾಯುತ್ತದೆ. ಮಾರ್ಚ್‌ನಿಂದ ಮೇವರೆಗೆ ಚಟ್ಟಿಯನ್ನು ಒದ್ದೆ ಮರಳಿನ ತಟ್ಟೆಯಲ್ಲಿ ಅಂಚಿನವರೆಗೆ ಹೂತಿಡಿ, ತಟ್ಟೆಗೂ ತೂತಿರಲಿ. ಬೆಳಗಿನ ಬಿಸಿಲು ಪೂರ್ತಿ, 11ರ ನಂತರ ಶೇಕಡಾ 50ರ ಶೇಡ್ ನೆಟ್. ‘ದಿನಾ ನೀರು’ ಎಂಬ ಲೆಕ್ಕವೂ ಬೇಡ. ಬಿದಿರಿನ ಕಡ್ಡಿಯೊಂದನ್ನು ಚಟ್ಟಿಯಲ್ಲಿ ಚುಚ್ಚಿಟ್ಟಿರಿ; ಎಳೆದಾಗ ತುದಿ ಕಪ್ಪಗೆ ತೇವವಿದ್ದರೆ ಕಾಯಿರಿ, ಮಾಸಲಾಗಿದ್ದರೆ ತೂತಿನಿಂದ ಹರಿಯುವಷ್ಟು ಹಾಕಿ.

ಚಟ್ಟಿ ಬದಲಿಸುವಾಗ ಬೇರಿನಲ್ಲಿ ಬಿಳಿ ಬೂಷ್ಟು ಕಂಡಿತು. ಪೂರ್ತಿ ತೊಳೆದು ನೆಟ್ಟೆವು. ಈಗ ಮರ ಮಂಕಾಗಿದೆ. (ಮಡಕಶಿರಾ)

ತೊಳೆದದ್ದು ಬಹುಶಃ ಮರದ ಅನ್ನದ ಬಟ್ಟಲನ್ನೇ. ಪೈನ್ ಬೇರಿನೊಂದಿಗೆ ಬದುಕುವ ಮೈಕೋರೈಜಾ ಎಂಬ ಶಿಲೀಂಧ್ರ ಅದು. ಬೇರು ಮುಟ್ಟದ ಕಡೆಯಿಂದ ನೀರು, ರಂಜಕ ತಂದುಕೊಟ್ಟು ಮರದಿಂದ ಸಕ್ಕರೆ ಪಡೆಯುತ್ತದೆ. ಜೇಡರ ಬಲೆಯ ಎಳೆಯಂತೆ ಹಬ್ಬಿರುತ್ತದೆ, ಮೂಸಿದರೆ ಅಣಬೆಯ ವಾಸನೆ. ಬೇರಿನ ಹಿಟ್ಟುತಿಗಣೆ ಬೇರೆ. ಅದು ಚಟ್ಟಿಯ ಗೋಡೆಗೆ ತಾಗಿದ ಬೇರುಗಳಲ್ಲಿ ಹತ್ತಿಯ ಚುಕ್ಕೆಗಳಂತೆ ಬಿಡಿಬಿಡಿಯಾಗಿರುತ್ತದೆ, ಕಡ್ಡಿಯಲ್ಲಿ ಕೆದಕಿದರೆ ಒಳಗೆ ಹುಳು ಹರಿದಾಡುತ್ತದೆ.

ಈಗ ಮರವನ್ನು ಮತ್ತೆ ಕೀಳಬೇಡಿ. ಗಾಳಿಯಿಲ್ಲದ, ಅರೆ ನೆರಳಿನ ಜಾಗದಲ್ಲಿಡಿ, ಸೂಜಿಗೆ ದಿನಕ್ಕೆರಡು ಸಲ ನೀರಿನ ಹನಿ ಸಿಂಪಡಿಸಿ, ಗೊಬ್ಬರ ಪೂರ್ತಿ ನಿಲ್ಲಿಸಿ. ಆರೋಗ್ಯವಂತ ಪೈನ್ ಯಾರಲ್ಲಾದರೂ ಇದ್ದರೆ ಅದರ ಬುಡದ ಹಿಡಿ ಮಣ್ಣು ತಂದು ಬೆರೆಸಿ. ಮುಂದಿನ ಸಲ ಮೊಗ್ಗು ಉಬ್ಬುವ ಹೊತ್ತಿಗೆ, ಅಂದರೆ ಜನವರಿ ಕೊನೆಯಿಂದ ಫೆಬ್ರವರಿಯಲ್ಲಿ, ಬೇರಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸದೆ, ಅರ್ಧದಷ್ಟು ಹಳೆ ಮಣ್ಣು ಉಳಿಸಿ ನೆಡಿ. ಎಳೆ ಮರಕ್ಕೆ 2–3 ವರ್ಷಕ್ಕೊಮ್ಮೆ, ಬಲಿತದ್ದಕ್ಕೆ 4–5 ವರ್ಷಕ್ಕೊಮ್ಮೆ ಸಾಕು. ನೆಟ್ಟ ಮೇಲೆ ಬೇರಿನ ಗಡ್ಡೆಯನ್ನು ತಳದ ತೂತಿನಿಂದ ಬಂದ ತಂತಿಯಲ್ಲಿ ಬಿಗಿದು ಕಟ್ಟಿ. ಅಲುಗಾಡುವ ಮರಕ್ಕೆ ಹೊಸ ಬೇರು ಹಿಡಿಯದು.

ಇಷ್ಟೆಲ್ಲ ಕತ್ತರಿಸಿ, ಕಟ್ಟಿ ಮರವನ್ನು ಹಿಂಸಿಸಿದಂತಲ್ಲವೇ? ಅದರಲ್ಲಿ ಕಾಣುವ ಚಂದವಾದರೂ ಏನು? (ಕುಂಬಳೆ)

ಅಮೆರಿಕದ ವಾಷಿಂಗ್ಟನ್ನಿನಲ್ಲಿರುವ ರಾಷ್ಟ್ರೀಯ ವೃಕ್ಷೋದ್ಯಾನದಲ್ಲಿ ಒಂದು ಜಪಾನಿ ಬಿಳಿ ಪೈನ್ ಇದೆ. 1625ರಿಂದ ಚಟ್ಟಿಯಲ್ಲಿ ಪಳಗುತ್ತಾ ಬಂದದ್ದು. 1945ರ ಆಗಸ್ಟ್ 6ರಂದು ಹಿರೋಶಿಮಾದಲ್ಲಿ ಬಾಂಬ್ ಬಿದ್ದಾಗ ಸುಮಾರು 3 ಕಿ.ಮೀ. ದೂರದ ಯಾಮಾಕಿ ಕುಟುಂಬದ ಅಂಗಳದಲ್ಲಿತ್ತು, ಗೋಡೆಯ ಮರೆಯಲ್ಲಿ ಉಳಿದುಕೊಂಡಿತು. 1976ರಲ್ಲಿ ಮಸಾರು ಯಾಮಾಕಿ ಅದನ್ನು ಅಮೆರಿಕಕ್ಕೆ ಕೊಟ್ಟರು. ಈ ಹಿನ್ನೆಲೆ ಅಲ್ಲಿಯವರಿಗೆ ತಿಳಿದದ್ದು 2001ರಲ್ಲಿ ಅವರ ಮೊಮ್ಮಕ್ಕಳು ನೋಡಲು ಹೋದಾಗ. ಹಿಂಸೆ ತಿಂದ ಮರ ಮುನ್ನೂರೈವತ್ತು ವರ್ಷ ದಾಟದು. ವರ್ಷಕ್ಕೊಮ್ಮೆ ಸವರುವ ಮಲ್ಲಿಗೆ ಗಿಡದ ಬಗ್ಗೆ ಈ ಪ್ರಶ್ನೆ ಯಾರೂ ಎತ್ತುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ.

ಚಂದದ ಮಾತು. ಗೇಣುದ್ದದ ಮರ ಬೆಟ್ಟದ ಮರದಂತೆ ಕಾಣುವುದು ಕಣ್ಣಿಗೆ ಮಾಡುವ ಮೋಸದಿಂದ. ಬುಡದ ದಪ್ಪ ಎತ್ತರದ ಆರನೇ ಒಂದು ಪಾಲಿನಷ್ಟು, ಮೇಲೆ ಹೋದಂತೆ ಸಪೂರ. ನೆಲವನ್ನು ಹಿಡಿದ ಬೇರು ಎಲ್ಲ ಬದಿಗೂ ಹರಡಿ ಕಾಣಬೇಕು. ಮೊದಲ ಕೊಂಬೆ ಎತ್ತರದ ಮೂರನೇ ಒಂದರಲ್ಲಿ; ಕೆಳಗಿನವು ತುಸು ಬಾಗಿರಬೇಕು, ಏಕೆಂದರೆ ಎಳೆ ಮರದ ಕೊಂಬೆ ಮೇಲಕ್ಕೆ ಚಾಚುತ್ತದೆ, ಮುದಿ ಮರದ್ದು ಭಾರಕ್ಕೆ ಇಳಿಯುತ್ತದೆ. ನೆತ್ತಿ ನೋಡುವವರ ಕಡೆಗೆ ಒಂದಿಷ್ಟು ಬಾಗಿದರೆ ಮರದ ಕೆಳಗೆ ನಿಂತು ತಲೆಯೆತ್ತಿದ ಭಾವ ಬರುತ್ತದೆ. ಕೊಂಬೆಗಳ ನಡುವಿನ ಖಾಲಿ ಜಾಗವೂ ಲೆಕ್ಕದ್ದೇ. ಒತ್ತಾಗಿ ತುಂಬಿದ್ದು ಪೊದೆ, ನಡುವೆ ಆಕಾಶ ಕಂಡರೆ ಮರ. ಪೈನ್‌ಗೆ ಹೊಳಪಿಲ್ಲದ ಕಂದು ಚಟ್ಟಿಯೇ ಚಂದ, ಆಳ ಬುಡದ ದಪ್ಪದಷ್ಟು, ಉದ್ದ ಮರದ ಎತ್ತರದ ಮೂರರಲ್ಲಿ ಎರಡು. ಕಣ್ಣಾರೆ ನೋಡಬೇಕೆಂದರೆ ಬೆಂಗಳೂರಿನ ಲಾಲ್‌ಬಾಗ್ ಮತ್ತು ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಬೋನ್ಸಾಯ್ ತೋಟಗಳಿವೆ.

ಬೀಜ ಬಿತ್ತಿದರೆ ಮೊಳೆತ ಸಸಿ ಬುಡದಲ್ಲೇ ಮುರಿದು ಬೀಳುತ್ತದೆ. (ತಾಳವಾಡಿ)

ಬುಡಕೊಳೆ ರೋಗ. ಬರೀ ಹೊಯ್ಗೆಯಲ್ಲಿ ಬಿತ್ತಿ, ಮೇಲಿನಿಂದ ನೀರು ಹಾಕದೆ ತಟ್ಟೆಯಿಂದ ಹೀರಲು ಬಿಡಿ. ಬಿತ್ತುವ ಮುಂಚೆ ಬೀಜವನ್ನು 24 ಗಂಟೆ ನೆನೆಸಿ, ಮುಳುಗಿದ್ದನ್ನು ಮಾತ್ರ ಒದ್ದೆ ಹೊಯ್ಗೆಯಲ್ಲಿ ಬೆರೆಸಿ ಫ್ರಿಜ್ಜಿನ ಕೆಳಭಾಗದಲ್ಲಿ 30ರಿಂದ 60 ದಿನ ಇಟ್ಟರೆ ಒಟ್ಟಿಗೆ ಮೊಳೆಯುತ್ತವೆ. ಫ್ರೀಜರಿನಲ್ಲಲ್ಲ.

ಇಷ್ಟು ಕಷ್ಟಪಡದೆ ಪೈನ್‌ನ ರೂಪ ಕೊಡುವ ನಮ್ಮೂರ ಮರ ಇದೆಯೇ? (ಉಪ್ಪಳ, ಕಾಞಂಗಾಡ್)

ಇದೆ, ಗಾಳಿಮರ. ಘಟ್ಟದ ಮೇಲಿನವರಿಗೆ ಸರ್ವೆ, ನಿಮ್ಮ ನೆರೆಯ ಮಲಯಾಳಿಗಳಿಗೆ ಕಾಟ್ಟಾಡಿ. ಪೈನ್‌ಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಸೂಜಿಯಂತೆ ಕಾಣುವುದು ಎಲೆಯೇ ಅಲ್ಲ, ಹಸಿರು ಕಡ್ಡಿ. ನಿಜವಾದ ಎಲೆ ಪ್ರತಿ ಗಿಣ್ಣಿನಲ್ಲೂ ಹಲ್ಲಿನಂತೆ ಸುತ್ತುಗಟ್ಟಿರುತ್ತದೆ, ಭೂತಗನ್ನಡಿಯಲ್ಲಿ ಎಣಿಸಬಹುದು.

ಪೆನ್ಸಿಲ್ ಗಾತ್ರದ ಸಸಿಯಿಂದ ಶುರು ಮಾಡಿ. ಅದಕ್ಕಿಂತ ದಪ್ಪವಾದರೆ ಮರ ಕಬ್ಬಿಣ, ಬಗ್ಗದು. ತಂತಿ ಇಲ್ಲಿ ಎರಡು ಮೂರು ತಿಂಗಳಿಗೇ ಕಚ್ಚುತ್ತದೆ. ತುದಿಗಳನ್ನು ಕತ್ತರಿಯಿಂದ ಮುಟ್ಟಬೇಡಿ, ಕತ್ತರಿಸಿದ ತುದಿ ಕಂದಾಗಿ ಕಾಣುತ್ತದೆ. ಎರಡು ಬೆರಳಲ್ಲಿ ಹಿಡಿದು ಎಳೆದರೆ ಗಿಣ್ಣಿನಲ್ಲಿ ಶುಭ್ರವಾಗಿ ಕಳಚುತ್ತದೆ. ಹದಿನೈದು ದಿನಕ್ಕೊಮ್ಮೆ ಈ ಕೆಲಸ. ಯಾವ ಕೊಂಬೆಯನ್ನೂ ಪೂರ್ತಿ ಬೋಳು ಮಾಡಬೇಡಿ, ಹಸಿರಿಲ್ಲದ ಕೊಂಬೆ ಒಣಗಿಬಿಡುತ್ತದೆ. ನೀರಿನ ವಿಷಯದಲ್ಲಿ ಪೈನ್‌ಗೆ ಪೂರ್ತಿ ಉಲ್ಟಾ. ಚಟ್ಟಿ ಒಮ್ಮೆ ಪೂರ್ತಿ ಒಣಗಿದರೆ ಕಡ್ಡಿಗಳು ಮುಟ್ಟಿದರೆ ಉದುರುತ್ತವೆ. ಬೇಸಿಗೆಯಲ್ಲಿ ದಿನಕ್ಕೆರಡು ಸಲ ನೀರು, ಬೇಕಾದರೆ ಬೆರಳು ಆಳದ ನೀರಿನ ತಟ್ಟೆಯಲ್ಲೇ ಇಟ್ಟುಬಿಡಿ. ಚಟ್ಟಿ ಬದಲಿಸಲು ಜೂನ್‌ನ ಮೊದಲ ಮಳೆ ಒಳ್ಳೆಯದು. ಬೇರಿನಲ್ಲಿ ಹವಳದ ತುಂಡಿನಂಥ ಕಂದು ಗಂಟುಗಳು ಕಂಡರೆ ಜಂತುಹುಳದ ರೋಗವೆಂದು ಕಿತ್ತು ಎಸೆಯಬೇಡಿ. ಗಾಳಿಯ ಸಾರಜನಕವನ್ನು ಮರಕ್ಕೆ ಕಟ್ಟಿಕೊಡುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿಯ ಮನೆ ಅದು. ಒಂದೆರಡನ್ನು ಹೊಸ ಮಣ್ಣಿಗೂ ಸೇರಿಸಿಬಿಡಿ.